ಗಿಡುಗದ ಊಟ ತೆಗೆದದ್ದು

ಮದುವೆಯ ವಿಡಿಯೊ ತೆಗೆಯುವವನಿಗೆ ಎಲ್ಲಕ್ಕಿಂತ ಬೇಸರದ ಕೆಲಸ ಯಾವುದು ಎಂದು ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಊಟದ ಪಂಕ್ತಿ ಎನ್ನುತ್ತಿದ್ದೆ. ತಾಳಿ ಕಟ್ಟುವುದು ಕ್ಷಣದ ಕೆಲಸ, ಅಕ್ಕಿಕಾಳು ಬಿದ್ದರೆ ಮುಗಿಯಿತು. ಊಟ ಹಾಗಲ್ಲ. ಚಿತ್ತಾಪುರ ಇರಲಿ, ಸೇಡಂ ಇರಲಿ, ಹೆಣ್ಣಿನ ಕಡೆಯವರು ಮೊದಲೇ ತಾಕೀತು ಮಾಡಿರುತ್ತಾರೆ: ಉಂಡವರೆಲ್ಲ ವಿಡಿಯೊದಲ್ಲಿ ಬರಬೇಕು. ಯಾರು ಬಂದಿದ್ದರು, ಯಾರು ಬರಲಿಲ್ಲ, ಗಂಡಿನ ದೊಡ್ಡಪ್ಪನ ಎಲೆಗೆ ಹೋಳಿಗೆ ಬಿತ್ತೋ ಇಲ್ಲವೋ, ನಾಳೆ ಜಗಳ ಬಂದರೆ ಎಲ್ಲದಕ್ಕೂ ಅದೇ ಸಾಕ್ಷಿ. ಚಿಂಚೋಳಿಯ ಒಂದು ಮದುವೆಯಲ್ಲಿ ಸೋದರಮಾವನೊಬ್ಬ ಪಂಕ್ತಿಯಲ್ಲಿ ಕಾಣಲಿಲ್ಲವೆಂದು ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ಕಡೆಗೆ ನಾನೇ ಆ ಮಾವನ ಮನೆಗೆ ಹೋಗಿ, ಎಲೆ ಹಾಸಿ ಕೂರಿಸಿ, ಉಣ್ಣಿಸಿ, ತೆಗೆದು, ಅದನ್ನು ಪಂಕ್ತಿಯ ನಡುವೆ ಸೇರಿಸಿ ಕೊಟ್ಟೆ. ಮನುಷ್ಯ ಮದುವೆಯ ದಿನದ್ದೇ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯುತ್ತ ಕುಳಿತಿದ್ದ.

ಈ ಕೆಲಸಕ್ಕೆ ಒಂದು ರೀತಿ ಇದೆ. ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ವಾಡಿಯ ಸ್ಟುಡಿಯೊದವರು ಮೊದಲ ಮದುವೆಯಲ್ಲೇ ಅದನ್ನು ಹೇಳಿಕೊಟ್ಟಿದ್ದರು. ಸಾಲಿನ ಉದ್ದಕ್ಕೂ ನಿಧಾನ ನಡೆಯಬೇಕು. ಮುಖ ಬರಲಿ, ಎಲೆ ಬರಲಿ, ಕಲಸುವ ಕೈ ಬರಲಿ. ಆದರೆ ತುತ್ತು ಎದ್ದು ಬಾಯಿ ತೆರೆಯಿತೋ, ಕ್ಯಾಮೆರಾ ಪಕ್ಕಕ್ಕೆ ಸರಿಯಬೇಕು. ಬಾಯಿಗೆ ತುತ್ತು ಹೋಗುವುದನ್ನು ತೆಗೆದರೆ ಉಂಡವರಿಗೆ ಅವಮಾನ, ತೆಗೆದವನಿಗೆ ಬೈಗುಳ. ತಲೆ ನರೆಯುವವರೆಗೂ ಹಾಗೇ ಮಾಡಿಕೊಂಡು ಬಂದೆ. ಈಗ ಕೈಗೆ ಹೇಳಬೇಕಾಗಿಲ್ಲ, ಅದರ ಪಾಡಿಗೆ ಅದು ಸರಿಯುತ್ತದೆ.

ಆ ವರ್ಷ ದೀಪಾವಳಿಯ ನಂತರದ ಮದುವೆಗಳು ನನ್ನನ್ನು ಹಿಂಡಿ ಹಿಪ್ಪೆ ಮಾಡಿದವು. ಮೊಣಕಾಲು ಹಿಡಿದುಕೊಂಡಿತು, ಹೆಗಲು ಜೋತುಬಿತ್ತು. ಯಾರಾದರೂ ನಗುತ್ತ ನನ್ನ ಕ್ಯಾಮೆರಾದ ಕಡೆ ನೋಡಿದರೆ ಸುಮ್ಮನೆ ಸಿಟ್ಟು ಬರುತ್ತಿತ್ತು. ಶಹಾಬಾದದ ಮಗ್ಗುಲಿಗೆ ಭಂಕೂರಿನಲ್ಲಿ ನಮ್ಮ ಮನೆ. ಅಲ್ಲಿಗೆ ಬಂದರೆ ಇನ್ನೊಂದು ದಣಿವು ಕಾದಿರುತ್ತಿತ್ತು. ಹೆಂಡತಿಗೆ ಬಾಯಿಯ ಆಪರೇಷನ್ ಆಗಿತ್ತು.

ಅವಳು ಅಂಗನವಾಡಿ ಟೀಚರ್. ಮಂದಿಯ ಮಕ್ಕಳಿಗೆ ತುತ್ತು ಮಾಡಿ ಉಣ್ಣಿಸುತ್ತಲೇ ವಯಸ್ಸು ಕಳೆದವಳು. ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ಅವಳಿಗೂ ತವರಿನಿಂದ ಬಂದ ಚಟ. ದವಡೆಯ ಒಳಗೆ ಹುಣ್ಣಾದಾಗ ಮೊದಲು ಹಲ್ಲುನೋವೆಂದು ಲವಂಗ ಇಟ್ಟುಕೊಂಡಳು. ಕಲಬುರ್ಗಿಯ ದವಾಖಾನೆಯಲ್ಲಿ ಎಡಗಡೆಯ ಕೆಳದವಡೆಯ ಎಲುಬನ್ನೇ ಕತ್ತರಿಸಿ ತೆಗೆದರು. ಮುಖದ ಆ ಕಡೆ ಒಳಕ್ಕೆ ಕುಸಿಯಿತು, ತುಟಿ ಜೋತಿತು. ಮಾತು ತೊದಲಾಯಿತು, ಅದು ನನಗೆ ಬೇಗ ರೂಢಿಯಾಯಿತು. ಆದರೆ ಉಣ್ಣುವಾಗ ಬಾಯಿಗೆ ಇಟ್ಟದ್ದರಲ್ಲಿ ಅರ್ಧ ಎಡಗಡೆಯಿಂದ ಹೊರಗೆ ಬರುತ್ತಿತ್ತು.

ಅವಳು ಯಾರ ಮುಂದೆಯೂ ಉಣ್ಣುವುದನ್ನು ಬಿಟ್ಟಳು. ತಾಟು ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಾಲ್ಕು ಚಮಚದ ಮೇಲೆ ಹೋಗುತ್ತಿರಲಿಲ್ಲ. ಉಳಿದದ್ದು ಹಿತ್ತಲಿನ ಕೋಳಿಗಳಿಗೆ. ಕೋಳಿಗಳು ಮೈ ತುಂಬಿಕೊಂಡವು, ಇವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಸಂಕ್ರಾಂತಿ ಕಳೆದ ಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡುವುದು ಶುರು ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ತೂಕ ಹೀಗೇ ಇಳಿದರೆ ಮೈ ತಡೆಯುವುದಿಲ್ಲ, ಕೊಡಲಾಗುವುದಿಲ್ಲ, ಕೊಡದಿದ್ದರೆ ರೋಗ ತಿರುಗಿ ಬರುತ್ತದೆ ಎಂದೂ ಹೇಳಿದ್ದರು. ಒಟ್ಟಿನಲ್ಲಿ ಅವಳು ಉಣ್ಣಬೇಕಾಗಿತ್ತು, ಅಷ್ಟೇ. ಅಷ್ಟು ಸಣ್ಣ ಮಾತಿಗೆ ಮನೆಯಲ್ಲಿ ದಿನವೂ ಎಷ್ಟು ಜಗಳ.

ಅವಳ ತಂಗಿಯನ್ನು ಚಿಂಚೋಳಿ ತಾಲ್ಲೂಕಿನ ಕೊಡ್ಲಿಗೆ ಕೊಟ್ಟಿದೆ. ಅಕ್ಕನ ಆರೈಕೆಗೆಂದು ಬಂದು ಉಳಿದಿದ್ದಳು. ಮಾತು ಹೆಚ್ಚು, ಕೈ ಅದಕ್ಕಿಂತ ಚುರುಕು. ಜೋಳದ ನುಚ್ಚು ಕುದಿಸಿ, ತೊಗರಿಬೇಳೆ ಕಡೆದು, ತುಪ್ಪ ಹಾಕಿ, ಮಕ್ಕಳಿಗೆ ಮಾಡುವಂತೆ ಮೆತ್ತಗೆ ಮಾಡಿ ಕೊಡುತ್ತಿದ್ದಳು. ಬಾಗಿಲ ಹೊರಗೆ ನಿಂತು ಇನ್ನೊಂದು ಚಮಚ, ಇನ್ನೊಂದು ಚಮಚ ಎಂದು ಕೂಗುತ್ತಿದ್ದಳು. ನನಗೂ ಸಾಕಾಗಿತ್ತು. ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಮೇಲೆನಿಸಿ, ಅವಳ ಊಟದ ಹೊತ್ತಿಗೆ ಎದ್ದು ಹೊರಗೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಧನುರ್ಮಾಸ ಬಂತು, ಮದುವೆಗಳು ನಿಂತವು. ಗುಂಡಗುರ್ತಿಯಿಂದ ಒಂದು ತೊಟ್ಟಿಲ ಕಾರ್ಯಕ್ರಮಕ್ಕೆ ಕರೆದರು, ಒಲ್ಲೆ ಎಂದೆ. ಮಲಗಿ ಬಿಡೋಣ ಅನ್ನಿಸಿತ್ತು, ಆದರೆ ಮಲಗಿದರೂ ದಣಿವು ಹೋಗುತ್ತಿರಲಿಲ್ಲ.

ನಮ್ಮ ಹಿತ್ತಲಿಗೆ ಬೇಲಿಯೆಂದರೆ ಸಾಲಾಗಿ ನಿಲ್ಲಿಸಿದ ಫರ್ಸಿಕಲ್ಲಿನ ಚಪ್ಪಡಿಗಳು. ಈ ಭಾಗದಲ್ಲಿ ನೆಲಕ್ಕೂ ಅದೇ, ಬೇಲಿಗೂ ಅದೇ. ಬೇಲಿಯ ಆಚೆ ಕೆಲಸ ನಿಂತ ಕಲ್ಲಿನ ಖಣಿ, ಅದರ ತುಂಬ ಹಸಿರು ನೀರು, ದಂಡೆಯ ಮೇಲೆ ಒಡೆದ ಕಲ್ಲಿನ ಗುಡ್ಡೆಗಳು. ಅದರಾಚೆ ತೊಗರಿ ಹೊಲ. ಆಗಷ್ಟೇ ತೊಗರಿ ಕೊಯ್ದು ಹೊಲ ಬೋಳಾಗಿತ್ತು. ಬೋಳು ಹೊಲದಲ್ಲಿ ಇಲಿಗೆ ಮರೆ ಸಿಗುವುದಿಲ್ಲ, ಅದನ್ನು ನೋಡಿಕೊಂಡೇ ಒಂದು ಗಿಡುಗ ಬರಲು ಶುರುವಾಗಿತ್ತು.

ಮೊದಲು ಕಂಡವಳು ಹೆಂಡತಿಯೇ. ಬೆಳಗಿನ ಬಿಸಿಲಿಗೆ ಹಿತ್ತಲ ಬಾಗಿಲಲ್ಲಿ ಕುಳಿತು ಅವಳು ಅದನ್ನೇ ನೋಡುತ್ತಿದ್ದಳು. ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದು. ಬಿಳಿ ಎದೆ, ಬೂದಿ ಬಣ್ಣದ ಬೆನ್ನು, ಹೆಗಲಿನ ಮೇಲೆ ಕಪ್ಪು ಪಟ್ಟೆ, ಕೆಂಪು ಕಣ್ಣು. ಹೊಲದ ಮೇಲೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತ ಇದ್ದಲ್ಲೇ ನಿಲ್ಲುತ್ತಿತ್ತು, ಆಮೇಲೆ ಕಾಲು ಇಳಿಬಿಟ್ಟು ಕೆಳಗೆ ಬೀಳುತ್ತಿತ್ತು. ಸಿಕ್ಕದ್ದನ್ನು ಹಿಡಿದು ತಂದು ಬೇಲಿಯ ಕೊನೆಯ ಮುರುಕು ಫರ್ಸಿಯ ಮೇಲೆ ಕುಳಿತು ತಿನ್ನುತ್ತಿತ್ತು. ತಂಗಿ ಅದನ್ನು ಹದ್ದಿನ ಮರಿ ಎಂದು ಹೇಳಿ, ಕೋಳಿಮರಿಗಳ ಮೇಲೆ ಬುಟ್ಟಿ ಮುಚ್ಚಿದಳು. ಅದಕ್ಕೆ ಕೋಳಿಮರಿ ಬೇಕಾಗಿರಲಿಲ್ಲ, ಇಲಿಯೇ ಸಾಕಾಗಿತ್ತು.

ಒಂದು ಬೆಳಿಗ್ಗೆ ಹೆಂಡತಿ ನನ್ನನ್ನು ಕರೆದು ತೋರಿಸಿದಳು. ಅದು ನಮ್ಮ ಕಡೆ ಬೆನ್ನು ಮಾಡಿ ಕುಳಿತಿತ್ತು. ತಲೆ ಬಗ್ಗುವುದು, ಏಳುವುದು, ಅಷ್ಟೇ ಕಾಣುತ್ತಿತ್ತು.

"ಅದು ಹ್ಯಾಂಗ ತಿಂತದ ಅಂತ ನಾ ನೋಡ್ಬೇಕು," ಅಂದಳು. "ಊರ ಮಂದಿ ಊಟ ಎಲ್ಲಾ ತೆಗೀತೀರಿ. ಇದರದೊಂದು ತೆಗದು ತೋರಸ್ರಿ."

ಆಪರೇಷನ್ ಆದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಸೀರೆ ಕೇಳಿದ್ದರೆ ಸುಲಭವಿತ್ತು. ಮದುವೆಯ ಕ್ಯಾಮೆರಾ ಹಕ್ಕಿಗೆ ನಡೆಯುವುದಿಲ್ಲ, ಹತ್ತಿರ ಹೋಗಬೇಕು, ಹೋದರೆ ಅದು ಹಾರುತ್ತದೆ ಎಂದು ಎಲ್ಲ ಹೇಳಿ ನೋಡಿದೆ. ಮರುದಿನ ಬೆಳಗಿನ ಚಳಿಯಲ್ಲಿ ಬೈದುಕೊಳ್ಳುತ್ತ ಹೊರಟೆ.

ಕಲ್ಲಿನ ಗುಡ್ಡೆಯ ಹಿಂದೆ ಅಡಗಲು ಒಂದು ಪರದೆ ಬೇಕಿತ್ತು. ಮನೆಯಲ್ಲಿ ಇದ್ದದ್ದು ಮದುಮಕ್ಕಳ ಹಿಂದೆ ಕಟ್ಟುವ ಕೆಂಪು ಮಖಮಲ್ ಬಟ್ಟೆ, ಅಂಚಿಗೆಲ್ಲ ಜರಿ. ಅದನ್ನೇ ಕಟ್ಟಿಕೊಂಡು ಕುಳಿತೆ. ಗಿಡುಗ ಆ ಕಡೆ ಸುಳಿಯಲೂ ಇಲ್ಲ. ಹಿತ್ತಲಿನಿಂದ ಇದನ್ನೆಲ್ಲ ನೋಡಿದ ಹೆಂಡತಿ, ನಾನು ಮನೆಗೆ ಬಂದಾಗ ಗಿಡುಗದ ಲಗ್ನ ಯಾವಾಗ, ಹೆಣ್ಣು ಯಾವೂರಿನದು ಎಂದು ಕೇಳಿದಳು. ಕೇಳಿ ನಕ್ಕಳು. ನಗುತ್ತಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಕ್ಕು ಎಷ್ಟು ದಿನವಾಗಿತ್ತೆಂದು ನೆನೆದು ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು.

ಆಮೇಲೆ ಮಖಮಲ್ ಬಿಟ್ಟು ಗೋಣಿತಟ್ಟು ಕಟ್ಟಿದೆ. ದಿನವೂ ಹೋಗಿ ಕೂರುವುದು, ಬರಿಗೈಯಲ್ಲಿ ಬರುವುದು. ಕೆಳಗೆ ಒಡೆದ ಕಲ್ಲು ಕುಂಡೆಗೆ ಒತ್ತುತ್ತಿತ್ತು, ಮೇಲೆ ತಣ್ಣನೆಯ ಗಾಳಿ. ದೂರದಲ್ಲಿ ವಾಡಿಯ ಕಡೆಗೆ ಸಿಮೆಂಟಿನ ಗೂಡ್ಸ್ ಗಾಡಿ ಮುಗಿಯದೆ ಹೋಗುತ್ತಲೇ ಇರುತ್ತಿತ್ತು. ಒಮ್ಮೆ ಗಿಡುಗ ಬಂದಾಗ ಬ್ಯಾಟರಿ ಸತ್ತಿತ್ತು. ಇನ್ನೊಮ್ಮೆ ನನಗೇ ಕಣ್ಣು ಹತ್ತಿತ್ತು, ಎದ್ದು ನೋಡಿದರೆ ಫರ್ಸಿಯ ಮೇಲೆ ಒಂದು ಬಾಲ ಮಾತ್ರ ಉಳಿದಿತ್ತು, ಇಲಿಯದು. ಈ ವಯಸ್ಸಿನಲ್ಲಿ ನನಗ್ಯಾಕೆ ಈ ಉಸಾಬರಿ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಮನೆಗೆ ಹೋದರೆ ಹೆಂಡತಿ ಕ್ಯಾಮೆರಾದ ಚೀಲದ ಕಡೆ ನೋಡುತ್ತಿದ್ದಳು. ಅದಕ್ಕೇ ಮರುದಿನ ಮತ್ತೆ ಹೋಗುತ್ತಿದ್ದೆ.

ಕೊನೆಗೆ ಒಂದು ದಿನ ಅದಕ್ಕೆ ನನ್ನ ಮೇಲೆ ಕನಿಕರ ಬಂತೋ ಏನೋ. ಸೂರ್ಯ ನನ್ನ ಬೆನ್ನಿಗೆ ಇದ್ದ. ಅದು ಇಲಿಯೊಂದಿಗೆ ಬಂದು ಫರ್ಸಿಯ ಮೇಲೆ ಕುಳಿತು, ಬಾಲ ಮೇಲೆ ಕೆಳಗೆ ಆಡಿಸಿ, ನನ್ನ ಕಡೆಗೇ ಮುಖ ತಿರುಗಿಸಿತು. ಕ್ಯಾಮೆರಾ ಓಡುತ್ತಿದೆ, ಬೆಳಕು ಇದೆ, ಹಕ್ಕಿ ಚೌಕಟ್ಟಿನ ನಡುವೆ ಇದೆ. ಅದು ಪೂರ್ತಿ ತಿಂದು ಮುಗಿಸಿ ಹಾರುವವರೆಗೂ ತೆಗೆದೆ. ಮನೆಗೆ ಬರುವಾಗ ಮೊಣಕಾಲು ನೋವು ನೆನಪಿಗೇ ಬರಲಿಲ್ಲ.

ಟೀವಿಗೆ ಹಚ್ಚಿದೆ. ಹೆಂಡತಿ ಮಂಚದ ಮೇಲೆ, ಅವಳ ತಂಗಿ ಬಾಗಿಲಲ್ಲಿ. ಗಿಡುಗ ಬಂತು, ಕುಳಿತಿತು. ಇಲಿಯನ್ನು ಕಾಲಿನಡಿ ಒತ್ತಿತು, ತಲೆ ಬಗ್ಗಿಸಿತು. ಅಲ್ಲಿಂದ ಚಿತ್ರ ಮೆಲ್ಲಗೆ ಎಡಕ್ಕೆ ಸರಿಯಿತು. ಫರ್ಸಿಯ ಅಂಚು, ಅದರ ಮೇಲೆ ಒಣಗಿದ ಪಾಚಿ. ಮತ್ತೆ ಗಿಡುಗ ಬಂತು, ತಲೆ ಎತ್ತಿ ಸುತ್ತ ನೋಡಿತು, ಬಗ್ಗಿತು. ಚಿತ್ರ ಮತ್ತೆ ಸರಿಯಿತು. ಈ ಸಲ ಬರೀ ಆಕಾಶ. ಕೊನೆಯವರೆಗೂ ಹೀಗೇ. ಗಿಡುಗದ ಮುಖ ಇತ್ತು, ಕಾಲು ಇತ್ತು, ಅದು ಹಿಡಿದ ಇಲಿ ಇತ್ತು. ಒಂದೇ ಒಂದು ತುತ್ತು ಇರಲಿಲ್ಲ.

ನಾನು ಅದನ್ನು ತೆಗೆಯುವಾಗ ನನಗೆ ಏನೂ ಗೊತ್ತಾಗಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಮರ್ಯಾದೆ ಮಾಡಿತ್ತು. ನಾಚಿಕೆಗೆ ಕಿವಿ ಬಿಸಿಯಾದವು. ತಂಗಿ ಪಾಪ, ಕ್ಯಾಮೆರಾ ಹಳೆಯದಾಗಿದೆ ಮಾಮಾ, ಹೊಸದು ತಗೋರಿ ಎಂದು ಸಮಾಧಾನ ಹೇಳಿ ಚಹಾ ಇಡಲು ಹೋದಳು.

ಅವಳು ಒಳಗೆ ಹೋಗುವವರೆಗೆ ಹೆಂಡತಿ ಕಾದಳು. ಆಮೇಲೆ ಟೀವಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು.

"ಅದು ಬಾಯಿ ಹಚ್ಚಿದಾಗೆಲ್ಲ ನೀವು ಕ್ಯಾಮೆರಾ ಹೊಳ್ಳಿಸೀರಿ."

"ಕೈಗಿ ಬಿದ್ದ ಚಟ," ಎಂದೆ. "ಲಗ್ನದಾಗ ಹಂಗೇ ಮಾಡಬೇಕಲ್ಲ."

"ಕೈಗಷ್ಟೇ ಅಲ್ಲ, ಕಣ್ಣಿಗೂ ಬಿದ್ದದ. ದವಾಖಾನಿಂದ ಬಂದ ದಿನ ನಾ ಮೊದಲನೇ ತುತ್ತು ಬಾಯಾಗ ಇಟ್ಕೊಂಡೆ. ನೀವು ಕ್ಯಾಲೆಂಡರ್ ನೋಡ್ಲಿಕತ್ತಿದ್ರಿ. ಅವತ್ತಿಂದ ನಾ ಗ್ವಾಡಿ ಕಡಿ ತಿರುಗೀನಿ."

ನನಗೆ ಸಿಟ್ಟು ಬಂತು. ಚಳಿಯಲ್ಲಿ ಕಲ್ಲಿನ ಮೇಲೆ ಕುಳಿತು ಬಂದವನಿಗೆ ಇದೇ ಬಹುಮಾನವೇ ಅನ್ನಿಸಿತು. ನಿನ್ನ ಮರ್ಯಾದೆಗಾಗಿಯೇ ಹಾಗೆ ಮಾಡಿದ್ದು, ನಿನಗೆ ನೋವಾಗಬಾರದೆಂದು ಮಾಡಿದ್ದು ಎಂದು ಜೋರಾಗಿಯೇ ಹೇಳಿದೆ.

"ಮರ್ಯಾದಿ ಮಂದಿಗಿ ಕೊಡ್ರಿ," ಅಂದಳು. "ನಾ ಮಂದಿ ಏನು?"

ಚಹಾ ಬಂತು. ಕುಡಿಯದೆ ಎದ್ದು ಹಿತ್ತಲಿಗೆ ಹೋದೆ. ಕೋಳಿಗಳು ಕಾಲಿಗೆ ಅಡ್ಡ ಬಂದವು, ಅವಳ ತಾಟಿನ ಅನ್ನ ತಿಂದು ಕೊಬ್ಬಿದ ಕೋಳಿಗಳು. ಆ ದಿನವನ್ನು ನೆನೆಯಲು ನೋಡಿದೆ. ಅವಳು ಚಮಚ ಎತ್ತಿದ್ದು ನೆನಪಾಯಿತು. ಆಮೇಲೆ ನೆನಪಿಗೆ ಬಂದದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದ ರಜೆಯ ತಾರೀಖುಗಳು, ಒಂದೊಂದೂ ಸ್ಪಷ್ಟವಾಗಿ. ಅವಳ ಮುಖ ಬರಲೇ ಇಲ್ಲ. ನನ್ನ ತಲೆಯೊಳಗಿನ ಚಿತ್ರವೂ ಸರಿದುಹೋಗಿತ್ತು. ಹತ್ತಿರದ ಕಲ್ಲಿನ ಮೇಲೆ ಕುಳಿತು ಅತ್ತೆ.

ಮರುದಿನ ಮತ್ತೆ ಗೋಣಿತಟ್ಟಿನ ಹಿಂದೆ ಕುಳಿತೆ. ಗಿಡುಗ ಅಂದು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಸಂಕ್ರಾಂತಿ ಹತ್ತಿರವಾಗುತ್ತಿತ್ತು. ಮನೆಯಲ್ಲಿ ತಾಟು ಹಾಗೇ ಒಳಕೋಣೆಗೆ ಹೋಗುತ್ತಿತ್ತು, ಹಾಗೇ ಹೊರಬರುತ್ತಿತ್ತು. ನಾನು ಹೋಗಿ ಅವಳ ಎದುರು ಕುಳಿತುಕೊಳ್ಳಬಹುದಿತ್ತು. ಧೈರ್ಯ ಸಾಲಲಿಲ್ಲ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿತ್ತು.

ಅದು ಮತ್ತೆ ಬಂದ ದಿನ ನಾನು ಮೊದಲೇ ಕ್ಯಾಮೆರಾವನ್ನು ಆ ಮುರುಕು ಫರ್ಸಿಗೆ ಗುರಿಯಿಟ್ಟು, ಸ್ಟ್ಯಾಂಡಿನ ತಿರುಪುಗಳನ್ನೆಲ್ಲ ಬಿಗಿಯಾಗಿ ತಿರುಗಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಕೈ ಕಟ್ಟಿಹಾಕಬಹುದು, ಕಣ್ಣನ್ನು ಹೇಗೆ ಕಟ್ಟುವುದು? ಅದು ಇಲಿಯ ತಲೆಗೆ ಕೊಕ್ಕು ಹಾಕಿದಾಗ ನನ್ನ ಕಣ್ಣು ಖಣಿಯ ನೀರಿನ ಕಡೆ ಜಾರಿತು. ಎಳೆದು ತಂದೆ. ಮತ್ತೆ ಜಾರಿತು, ಮತ್ತೆ ತಂದೆ.

ಅದರ ಊಟ ಚೆಂದದ್ದೇನೂ ಆಗಿರಲಿಲ್ಲ. ಕಾಲಿನಡಿ ಒತ್ತಿ ಹಿಡಿದು, ಹಿಂದಕ್ಕೆ ಜಗ್ಗಿ ಹರಿಯುತ್ತಿತ್ತು. ಕರುಳು ಎಳೆಯಾಗಿ ಕೊಕ್ಕಿಗೆ ಸುತ್ತಿಕೊಂಡಿತು, ತಲೆ ಕೊಡವಿತು, ಹೋಗಲಿಲ್ಲ. ಕೊಕ್ಕನ್ನು ಕಲ್ಲಿಗೆ ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಒರೆಸಿಕೊಂಡಿತು. ಒಂದು ತುಣುಕು ಕೆಳಗೆ ಬಿತ್ತು. ಬಗ್ಗಿ ಅದನ್ನು ನೋಡಿ, ಬಿಟ್ಟು, ಮತ್ತೆ ಹರಿಯಲು ಹತ್ತಿತು. ಬಿಳಿ ಎದೆಯ ಮೇಲೆ ರಕ್ತದ ಕಲೆಯಾಯಿತು. ಕೊನೆಗೆ ಉಳಿದದ್ದನ್ನು ಬಾಲದ ಸಮೇತ, ಕುತ್ತಿಗೆ ಉದ್ದ ಮಾಡಿ ಕಷ್ಟಪಟ್ಟು ನುಂಗಿತು, ಸ್ವಲ್ಪ ಹೊತ್ತು ಕಣ್ಣು ಅರ್ಧ ಮುಚ್ಚಿ ಕುಳಿತಿತು. ಅದೂ ದಣಿದಿತ್ತು ಅನ್ನಿಸಿತು ನನಗೆ. ಇಷ್ಟು ವರ್ಷ ಸಾವಿರಾರು ಪಂಕ್ತಿಗಳ ಮುಂದೆ ನಡೆದವನು ಮೊದಲ ಸಲ ಒಂದು ಜೀವದ ಊಟವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೆ.

ಹೆಂಡತಿ ಅದನ್ನು ಪೂರ್ತಿ ನೋಡಿದಳು. ತಂಗಿ ನಡುವೆಯೇ ಅಸಹ್ಯವೆಂದು ಎದ್ದುಹೋದಳು. ಮುಗಿದ ಮೇಲೆ ಹೆಂಡತಿ ಮತ್ತೊಮ್ಮೆ ಹಚ್ಚಲು ಹೇಳಿದಳು. ತುಣುಕು ಕೆಳಗೆ ಬಿದ್ದು, ಗಿಡುಗ ಅದನ್ನು ನೋಡಿ ಬಿಟ್ಟಲ್ಲಿ ಅವಳು ಹೂಂ ಅಂದಳು. ಅಷ್ಟೇ. ಚೆನ್ನಾಗಿ ಬಂದಿದೆ ಎಂದೂ ಹೇಳಲಿಲ್ಲ.

ಊಟದ ಹೊತ್ತಾಯಿತು. ತಂಗಿ ನುಚ್ಚು, ಕಡೆದ ಬೇಳೆ ಕಲಸಿದ ತಾಟು ತಂದು ಎಂದಿನಂತೆ ಒಳಕೋಣೆಯಲ್ಲಿ ಇಡಲು ಹೊರಟಳು. ನಾನು ಎಂದಿನಂತೆ ಚಪ್ಪಲಿಗೆ ಕಾಲು ಚಾಚಿದ್ದೆ. ಹೆಂಡತಿ ಕೈಸನ್ನೆ ಮಾಡಿ ತಾಟನ್ನು ಪಡಸಾಲೆಯಲ್ಲೇ ಇಡಿಸಿದಳು. ಗೋಡೆಗೆ ಬೆನ್ನು ಹಚ್ಚಿ ಕುಳಿತು, ಮಡಿಲಿಗೆ ಟವೆಲ್ ಹಾಕಿಕೊಂಡು, ಎದುರಿನ ನೆಲವನ್ನು ಅಂಗೈಯಿಂದ ತಟ್ಟಿ ತೋರಿಸಿದಳು. ಚಪ್ಪಲಿ ಬಿಟ್ಟು ಬಂದು ಕುಳಿತೆ. ಫರ್ಸಿಯ ನೆಲ ತಣ್ಣಗಿತ್ತು.

ಅವಳು ಚಮಚ ಎತ್ತಿದಳು. ಅವಳ ತಲೆಯ ಮೇಲೆ ಅದೇ ಕ್ಯಾಲೆಂಡರ್ ತೂಗುತ್ತಿತ್ತು. ನನ್ನ ಕಣ್ಣು ತನ್ನ ಪಾಡಿಗೆ ತಾನು ಮೇಲೆ ಹೋಯಿತು, ಕೆಂಪು ತಾರೀಖುಗಳ ಮೇಲೆ ಕುಳಿತಿತು. ಚಮಚ ಗಾಳಿಯಲ್ಲಿ ನಿಂತದ್ದು ಕಣ್ಣಂಚಿನಲ್ಲಿ ಕಾಣುತ್ತಿತ್ತು. ಅವಳು ಅದನ್ನು ಕೆಳಗಿಡಲಿಲ್ಲ, ಬಾಯಿಗೂ ಇಡಲಿಲ್ಲ. ಹಾಗೇ ಹಿಡಿದು ಕಾದಳು.

"ಇಲ್ಲಿ ನೋಡ್ರಿ," ಅಂದಳು.

ನೋಡಿದೆ. ಅವಳು ಬಾಯಿ ತೆರೆದಳು. ಚಮಚ ಬಲಗಡೆಯಿಂದ ಒಳಗೆ ಹೋಯಿತು. ಅರ್ಧ ನುಚ್ಚು ಎಡತುಟಿಯಿಂದ ಹೊರಬಂದು ಗದ್ದಕ್ಕೆ ಇಳಿಯಿತು. ಅವಳು ನನ್ನನ್ನೇ ನೋಡುತ್ತ ಟವೆಲಿನಿಂದ ಒರೆಸಿಕೊಂಡಳು, ಕಷ್ಟಪಟ್ಟು ನುಂಗಿದಳು, ಇನ್ನೊಂದು ಚಮಚ ತೆಗೆದುಕೊಂಡಳು. ತಾಟು ಖಾಲಿಯಾಗುವವರೆಗೂ ನಾನು ಅಲ್ಲೇ ಕುಳಿತು ನೋಡಿದೆ.